ಫೋಂಡಾದ ಶಾಲೆಗಳಿಗೆ ಯಂತ್ರ ಬಂದ ದಾರಿ

ಗೋವಾದ ಫೋಂಡಾ ತಾಲ್ಲೂಕಿನಲ್ಲಿ ಓದಿನ ಸಲಕರಣೆ ಎಲ್ಲ ಮಕ್ಕಳ ಕೈಗೂ ಒಂದೇ ಕಾಲಕ್ಕೆ ಸಿಕ್ಕಿದ್ದು ಎಂದೂ ಇಲ್ಲ. ಅಚ್ಚಿನ ಪುಸ್ತಕ, ಪಾಟಿ, ವಿದ್ಯುದ್ದೀಪ, ಕಂಪ್ಯೂಟರ್, ಮೊಬೈಲ್ ಫೋನ್ ಬೇರೆ ಬೇರೆ ಕಾಲದಲ್ಲಿ ಬಂದವು. ಬಂದಾಗಲೆಲ್ಲ ಕೆಲವರ ಮನೆಗೆ ಮೊದಲು ಬಂದವು, ಕೆಲವರ ಮನೆಗೆ ಒಂದೆರಡು ತಲೆಮಾರು ತಡವಾಗಿ ಬಂದವು, ಇನ್ನು ಕೆಲವರ ಮನೆಗೆ ಬರಲೇ ಇಲ್ಲ. ಮಾಂಡವಿ ಮತ್ತು ಜುವಾರಿ ನದಿಗಳ ನಡುವೆ ಹರಡಿರುವ, ಹಳೆಯ ಕಾಲದಲ್ಲಿ ಅಂತ್ರೂಜ್ ಎಂದು ಕರೆಸಿಕೊಂಡ ಈ ನೆಲ ಹೊರಗಿನವರಿಗೆ ಮಂಗೇಶಿ, ಮಾರ್ದೋಳ, ಕವಳೆ, ರಾಮನಾಥಿಯ ದೇವಸ್ಥಾನಗಳಿಂದ ಪರಿಚಿತ. 2011ರ ಜನಗಣತಿಯ ವೇಳೆಗೆ ಇಲ್ಲಿ ಸುಮಾರು 1.65 ಲಕ್ಷ ಜನರಿದ್ದರು. ಅಡಿಕೆ ತೋಟದ ಒಡೆಯರು, ಆ ತೋಟಗಳಲ್ಲಿ, ಅಂದರೆ ಕುಳಾಗರಗಳಲ್ಲಿ, ದುಡಿಯುವ ಗಾವಡಿ ಮತ್ತು ಕುಣಬಿ ಕುಟುಂಬಗಳು, ಕುಂಡಯಿ, ಬೆತೋಡೆ, ಮಡಕಯಿ ಕೈಗಾರಿಕಾ ವಸಾಹತುಗಳ ಕಾರ್ಮಿಕರು, ಘಟ್ಟದ ಮೇಲಿನಿಂದ ಗೌಂಡಿ ಕೆಲಸಕ್ಕೆ ಬಂದ ಕನ್ನಡಿಗರು, ಇವರೆಲ್ಲರ ಮಕ್ಕಳು ಇಲ್ಲಿ ಅಕ್ಕಪಕ್ಕದ ಬೀದಿಗಳಲ್ಲೇ ಬೆಳೆಯುತ್ತಾರೆ.

ಮೊದಲ ಯಂತ್ರ ಅಚ್ಚುಕೂಟ. 1556ರ ಸೆಪ್ಟೆಂಬರಿನಲ್ಲಿ ಜೆಸ್ಯೂಟ್ ಪಾದ್ರಿಗಳ ಜೊತೆ ಗೋವಾಕ್ಕೆ ಬಂದ ಮುದ್ರಣಯಂತ್ರ ಹೊರಟಿದ್ದು ಅಬಿಸೀನಿಯಾಕ್ಕೆ. ಅಲ್ಲಿಗೆ ಹೋಗುವ ದಾರಿ ಕೂಡಿಬರದೆ ಅದು ಗೋವಾ ನಗರದ ಸೇಂಟ್ ಪಾಲ್ ಕಾಲೇಜಿನಲ್ಲಿ ಉಳಿಯಿತು. ಭಾರತದಲ್ಲಿ ಯಂತ್ರದಿಂದ ಅಚ್ಚಾದ ಮೊದಲ ಹಾಳೆಗಳು ಅಲ್ಲಿಂದ ಹೊರಬಂದವು. 1563ರಲ್ಲಿ ಗಾರ್ಸಿಯಾ ದ ಓರ್ತಾ ಬರೆದ ಭಾರತದ ಔಷಧಿಗಳ ಸಂವಾದಗ್ರಂಥವೂ ಗೋವಾದಲ್ಲೇ ಅಚ್ಚಾಯಿತು. ಬಾಣಸ್ತಾರಿಯ ಕಾಲುವೆ ದಾಟಿದರೆ ಫೋಂಡಾ. ಆದರೆ ಆ ದಡ ಆಗ ಬಿಜಾಪುರದ ಆದಿಲಶಾಹಿಗೆ ಸೇರಿತ್ತು. ಫೋಂಡಾದ ಸಫಾ ಮಸೀದಿ ಕಟ್ಟಿಸಿದ್ದು 1560ರಲ್ಲಿ, ಅಚ್ಚುಕೂಟ ಬಂದು ನಾಲ್ಕೇ ವರ್ಷಕ್ಕೆ. ಅದೇ ದಶಕದಲ್ಲಿ ಪೋರ್ಚುಗೀಸರ ಧಾರ್ಮಿಕ ಒತ್ತಾಯ ತಾಳಲಾರದೆ ತಿಸವಾಡಿ ಮತ್ತು ಸಾಷ್ಟಿಯ ದೇವರುಗಳನ್ನು ಹೊತ್ತುಕೊಂಡು ಜನ ಕಾಲುವೆ, ನದಿ ದಾಟಿ ಅಂತ್ರೂಜಿಗೆ ಬಂದರು. ದೇವರು ಬಂದ ದಾರಿಯಲ್ಲಿ ಅಚ್ಚಿನ ಪುಸ್ತಕ ಬರಲಿಲ್ಲ.

ಗಡಿ ಒಂದೇ ಇದಕ್ಕೆ ಕಾರಣವಾಗಿರಲಿಲ್ಲ, ಲಿಪಿಯೂ ಅಡ್ಡ ನಿಂತಿತ್ತು. ಆ ಕಾಲದ ಗೋವಾದ ಗಾಂವಕಾರಿಗಳು, ಅಂದರೆ ಹಳ್ಳಿಯ ಜಮೀನನ್ನು ಒಟ್ಟಾಗಿ ನೋಡಿಕೊಳ್ಳುತ್ತಿದ್ದ ಸಂಘಗಳು, ಲೆಕ್ಕಪತ್ರ ಬರೆಯುತ್ತಿದ್ದುದು ಕನ್ನಡ ಲಿಪಿಗೆ ಹತ್ತಿರದ ಗೋಯ್ಕಾನಡಿಯಲ್ಲಿ. ಅಚ್ಚುಕೂಟದಲ್ಲಿದ್ದ ಮೊಳೆಗಳು ರೋಮನ್. 1579ರಲ್ಲಿ ಗೋವಾಕ್ಕೆ ಬಂದ ಇಂಗ್ಲಿಷ್ ಪಾದ್ರಿ ಥಾಮಸ್ ಸ್ಟೀಫನ್ಸನಿಗೆ ಇಲ್ಲಿನ ಲಿಪಿಯಲ್ಲೇ ಅಚ್ಚು ಹಾಕಿಸುವ ಆಸೆ ಇತ್ತು. ಅದು ಕೈಗೂಡಲಿಲ್ಲ. 1616ರಲ್ಲಿ ರಾಯತೂರಿನಲ್ಲಿ ಅಚ್ಚಾದ ಅವನ ಮರಾಠಿ ಕ್ರಿಸ್ತಪುರಾಣ ರೋಮನ್ ಅಕ್ಷರಗಳಲ್ಲೇ ಬಂತು. ಓದು ಬಲ್ಲ ಹಳ್ಳಿಗನ ಕೈಗೆ ಆ ಪುಸ್ತಕ ಕೊಟ್ಟಿದ್ದರೂ ತನ್ನದೇ ಮಾತನ್ನು ಅವನಿಗೆ ಅದರಲ್ಲಿ ಓದಲಾಗುತ್ತಿರಲಿಲ್ಲ. 1684ರಲ್ಲಿ ವೈಸರಾಯ್ ಆಳ್ವೋರ್ ಪ್ರಭು ಮೂರು ವರ್ಷದೊಳಗೆ ಕೊಂಕಣಿ ಬಿಟ್ಟು ಪೋರ್ಚುಗೀಸ್ ಮಾತಾಡಬೇಕೆಂದು ಆಜ್ಞೆ ಹೊರಡಿಸಿದ. 1754ರಲ್ಲಿ ಲಿಸ್ಬನ್ ಸರ್ಕಾರ ಗೋವಾದಲ್ಲಿ ಮುದ್ರಣವನ್ನೇ ನಿಷೇಧಿಸಿತು. ಸರ್ಕಾರಿ ಅಚ್ಚುಕೂಟ ಮತ್ತೆ ಶುರುವಾದದ್ದು 1821ರಲ್ಲಿ. ಭಾರತದ ಮೊದಲ ಅಚ್ಚುಕೂಟ ತಮ್ಮದೆಂದು ಗೋವಾದವರು ಹೆಮ್ಮೆಪಡುವುದರಲ್ಲಿ ತಪ್ಪಿಲ್ಲ. ಅಚ್ಚು ಯಾರನ್ನು ಓದಿಸಿತು ಎಂಬ ಲೆಕ್ಕವನ್ನೂ ಅದರ ಜೊತೆಗೇ ಇಡಬೇಕಾಗುತ್ತದೆ.

ಫೋಂಡಾ ಪೋರ್ಚುಗೀಸರ ಕೈಸೇರಿದ್ದು 1763ರಲ್ಲಿ. ಅದಕ್ಕೆ ಮೊದಲು ಈ ಸೀಮೆ ಶಿರಸಿ ಬಳಿಯ ಸೋದೆಯ ಅರಸರ ಆಳ್ವಿಕೆಯಲ್ಲಿತ್ತು. ಹೈದರಾಲಿಯ ಸೈನ್ಯ ಸೋದೆಯನ್ನು ಹಿಡಿದಾಗ ಆ ಅರಸುಮನೆತನ ಗೋವಾಕ್ಕೆ ಬಂದು ಬಾಂದೋಡೆಯ ಕಡೆ ನೆಲೆಸಿತು. ಹೊಸದಾಗಿ ಗೆದ್ದ ಈ ಪ್ರದೇಶಗಳನ್ನು ಪೋರ್ಚುಗೀಸರು ನೋವಾಸ್ ಕೊಂಕಿಷ್ಟಾಸ್ ಎಂದು ಬೇರೆಯಾಗಿ ಹೆಸರಿಸಿದರು. ಹಳೆಯ ತಾಲ್ಲೂಕುಗಳಲ್ಲಿ ನಡೆದ ಮತಾಂತರದ ಬಲವಂತ ಇಲ್ಲಿ ನಡೆಯಲಿಲ್ಲ. ಜನರ ಪದ್ಧತಿಗಳಿಗೆ ಕೈಹಾಕುವುದಿಲ್ಲವೆಂಬ ಮಾತು ಕೊಟ್ಟಿದ್ದರು. ಆದರೆ ಚರ್ಚಿನ ಜೊತೆ ಊರೂರಿಗೆ ಹೋಗಿದ್ದ ಪಾದ್ರಿಗಳ ಶಾಲೆಗಳೂ ಇಲ್ಲಿಗೆ ಬರಲಿಲ್ಲ. ಸರ್ಕಾರದ ಶಾಲೆ ಎಂಬುದು ಬಹುಕಾಲ ಫೋಂಡಾ ಪೇಟೆಯ ಆಚೆಗೆ ಅಪರೂಪವೇ.

ಆ ಜಾಗವನ್ನು ತುಂಬಿದ್ದು ಪಂತೋಜಿಯ ಶಾಲೆ. ದೇವಸ್ಥಾನದ ಚಂದ್ರಶಾಲೆಯಲ್ಲೋ ಒಬ್ಬ ಗೃಹಸ್ಥರ ಜಗಲಿಯಲ್ಲೋ ಮಕ್ಕಳು ಕೂತು ಮರಾಠಿ ಅಕ್ಷರ, ಮಗ್ಗಿ, ಮೋಡಿ ಬರಹ ಕಲಿಯುತ್ತಿದ್ದರು. ಹಲಗೆಯ ಮೇಲೆ ನುಣ್ಣನೆಯ ಮಣ್ಣು ಹರವಿ ಬೆರಳಿನಿಂದಲೋ ಕಡ್ಡಿಯಿಂದಲೋ ಬರೆಯುವ ಧೂಳಪಾಟಿಯೇ ಮೊದಲ ಸಲಕರಣೆ. ಕಲ್ಲಿನ ಪಾಟಿ, ಬಳಪ, ಕಾಗದ ಆಮೇಲೆ ಬಂದವು. ಧೂಳಪಾಟಿಗೆ ಖರ್ಚಿಲ್ಲ, ಬೇಕಾದ ಮಣ್ಣು ಅಂಗಳದಲ್ಲೇ ಇದೆ. ಹಾಗಿದ್ದೂ ಅದು ಎಲ್ಲರಿಗೂ ಸಿಗಲಿಲ್ಲ. ಜಗಲಿ ಹತ್ತಲು ಜಾತಿ ಬೇಕಿತ್ತು, ಮಗುವನ್ನು ದನ ಮೇಯಿಸುವ ಕೆಲಸದಿಂದ ಬಿಡಿಸಲು ಮನೆಯಲ್ಲಿ ಅನುಕೂಲ ಬೇಕಿತ್ತು, ಪಂತೋಜಿಗೆ ಅಕ್ಕಿ ಕಾಯಿ ಕೊಡಲು ಗದ್ದೆ ಬೇಕಿತ್ತು. ಗಾವಡಿ, ಕುಣಬಿ, ಮಹಾರ ಮಕ್ಕಳು ಈ ಲೆಕ್ಕದಲ್ಲಿ ಬರಲೇ ಇಲ್ಲ. ಪುಕ್ಕಟೆ ಸಲಕರಣೆಯೂ ತಾನಾಗಿ ಎಲ್ಲರ ಕೈಸೇರುವುದಿಲ್ಲ ಎಂಬುದಕ್ಕೆ ಈ ತಾಲ್ಲೂಕಿನ ಮಟ್ಟಿಗೆ ಇದಕ್ಕಿಂತ ಹಳೆಯ ಸಾಕ್ಷಿ ಬೇಡ.

19ನೇ ಶತಮಾನದಲ್ಲಿ ಪಣಜಿಯಲ್ಲಿ ಸಂಸ್ಥೆಗಳು ಬೆಳೆದವು: 1842ರಲ್ಲಿ ವೈದ್ಯಕೀಯ ಶಾಲೆ, 1854ರಲ್ಲಿ ಲೈಸಿಯಂ ಎಂಬ ಪ್ರೌಢಶಾಲೆ. ಎರಡಕ್ಕೂ ಪೋರ್ಚುಗೀಸ್ ಭಾಷೆಯೇ ಬಾಗಿಲು. 1888ರಲ್ಲಿ ಮುರ್ಮುಗೋವಾ ಬಂದರಿನಿಂದ ಮಡಗಾಂವ್, ಕುಳೆಂ ಹಾದು ಕ್ಯಾಸಲ್‌ರಾಕ್‌ಗೆ ರೈಲು ಓಡಿತು. ಅದು ಫೋಂಡಾವನ್ನು ಮುಟ್ಟದೆ ದಕ್ಷಿಣದಿಂದಲೇ ಘಟ್ಟ ಹತ್ತಿತು. ಆದರೂ ಆ ರೈಲು ಅನುಕೂಲಸ್ಥ ಹಿಂದೂ ಮನೆತನಗಳಿಗೆ ಮತ್ತೊಂದು ದಾರಿ ತೆರೆಯಿತು. ಇಂಗ್ಲಿಷ್ ಕಲಿತು ಮ್ಯಾಟ್ರಿಕ್ ಮುಗಿಸಲು ಹುಡುಗರು ಬೆಳಗಾವಿ, ಧಾರವಾಡ, ಪುಣೆ, ಮುಂಬಯಿಗೆ ಹೋದರು. ಮರಾಠಿ ಪಠ್ಯಪುಸ್ತಕಗಳು ಮುಂಬಯಿಯಿಂದಲೇ ಬರುತ್ತಿದ್ದವು. ಊರಲ್ಲಿ ಉಳಿದವನಿಗೆ ಪಣಜಿಯ ದಾರಿ, ಮುಂಬಯಿಯ ದಾರಿ ಎರಡೂ ದೂರ.

1910ರಲ್ಲಿ ಪೋರ್ಚುಗಲ್ ಗಣರಾಜ್ಯವಾಗಿ ಹಿಂದೂಗಳಿಗೆ ಸಮಾನ ನಾಗರಿಕ ಹಕ್ಕು ಸಿಕ್ಕಿದ ಮೇಲೆ ಫೋಂಡಾದ ಶಾಲಾ ಚರಿತ್ರೆ ಚುರುಕಾಯಿತು. ಆ ದಶಕದಲ್ಲಿ ಸೀತಾರಾಮ ಕೇರಕರ್ ಮತ್ತು ವೈದ್ಯರಾಗಿದ್ದ ರಾಮಚಂದ್ರ ಪಾಂಡುರಂಗ ವೈದ್ಯ, ಎಲ್ಲರ ಬಾಯಲ್ಲಿ ದಾದಾ ವೈದ್ಯ, ಇವರ ಮುಂದಾಳ್ತನದಲ್ಲಿ ಇಲ್ಲಿ ಆಲ್ಮೇದಾ ಹೆಸರಿನ ಇಂಗ್ಲಿಷ್ ಶಾಲೆ ನೆಲೆನಿಂತಿತು. ಗೋವಾ ವಿದ್ಯಾಪ್ರಸಾರಕ ಮಂಡಳ ಬೆಳೆದದ್ದೂ ಇವರ ಕೆಲಸದಿಂದಲೇ. ಹಿಂದೂ ಬಹುಸಂಖ್ಯಾತ ಒಳನಾಡಿನಲ್ಲಿ ಮುಂಬಯಿ ಮ್ಯಾಟ್ರಿಕ್ಕಿಗೆ ಮಕ್ಕಳನ್ನು ತಯಾರು ಮಾಡುವ ಶಾಲೆ ಎಂಬುದು ಆಗ ದೊಡ್ಡ ಮಾತು. ನಕಾಶೆ, ಭೂಗೋಳ, ಪ್ರಯೋಗದ ಗಾಜಿನ ಪಾತ್ರೆ ಇಂಥವನ್ನು ಫೋಂಡಾದ ಮಕ್ಕಳು ಮೊದಲು ಕಂಡದ್ದು ಇಂಥ ಖಾಸಗಿ ಶಾಲೆಗಳಲ್ಲಿ, ಪೋರ್ಚುಗೀಸ್ ಸರ್ಕಾರದ ಖರ್ಚಿನಲ್ಲಲ್ಲ. ದೇಣಿಗೆಯಿಂದ ನಡೆಯುವ ಶಾಲೆ ದೇಣಿಗೆ ಕೊಡಬಲ್ಲವರ ಸುತ್ತಲೇ ಬೆಳೆಯುತ್ತದೆ. ಪೇಟೆಯಿಂದ ಅರ್ಧ ದಿನ ನಡೆಯಬೇಕಾದ ಶಿರೋಡೆ, ಸಾವಯಿ ವೆರೆಂ, ಕೇರಿಯ ವಾಡೆಗಳಿಗೆ ಅದರ ಬೆಳಕು ಮಂದವಾಗಿಯೇ ತಲುಪಿತು.

1961ರ ಡಿಸೆಂಬರ್ 19ರಂದು ಗೋವಾ ಪೋರ್ಚುಗೀಸರಿಂದ ವಿಮೋಚನೆಗೊಂಡು ಭಾರತಕ್ಕೆ ಸೇರಿತು. ಆ ಹೊತ್ತಿಗೆ ಅಕ್ಷರ ಬಲ್ಲವರು ನೂರಕ್ಕೆ ಸುಮಾರು 31 ಮಂದಿ. ಹತ್ತು ವರ್ಷದಲ್ಲಿ ಅದು 45ರ ಹತ್ತಿರಕ್ಕೆ ಏರಿತು. ಇದಕ್ಕೆ ಮೊದಲ ಮುಖ್ಯಮಂತ್ರಿ ದಯಾನಂದ ಬಾಂದೋಡಕರ್ ಅವರ ಪಟ್ಟು ಮುಖ್ಯ ಕಾರಣ. ಅವರು ವಿಧಾನಸಭೆಯಲ್ಲಿ ಪ್ರತಿನಿಧಿಸಿದ್ದು ಫೋಂಡಾ ತಾಲ್ಲೂಕಿನ ಮಡಕಯಿ ಕ್ಷೇತ್ರವನ್ನು. ಗಣಿ ಉದ್ಯಮಿಯಾಗಿದ್ದರೂ ಕೆಳಜಾತಿಯೆಂದು ಎಣಿಸಲ್ಪಟ್ಟ ಸಮುದಾಯದಿಂದ ಬಂದವರು. ಬಹುಜನ ಸಮಾಜದ ಮಗುವಿನ ನಡಿಗೆಗೆ ಎಟುಕುವಷ್ಟು ದೂರದಲ್ಲಿ ಪ್ರಾಥಮಿಕ ಶಾಲೆ ಇರಬೇಕೆಂಬ ಹಟ ಅವರದು. ದೇವಸ್ಥಾನದ ಅಗ್ರಶಾಲೆ, ಬಾಡಿಗೆ ಮನೆ, ಸೋಗೆ ಹೊದಿಸಿದ ಚಪ್ಪರ, ಎಲ್ಲಿ ಜಾಗ ಸಿಕ್ಕಿತೋ ಅಲ್ಲಿ ಶಾಲೆ ಶುರುವಾಯಿತು. ಒಂದೇ ಕೋಣೆ, ಒಬ್ಬರೇ ಶಿಕ್ಷಕರು, ನಾಲ್ಕು ತರಗತಿ ಎಂಬ ವ್ಯವಸ್ಥೆಗೆ ಇಂದು ಮೂಗು ಮುರಿಯುವವರಿದ್ದಾರೆ. ಆದರೆ ಗಾವಡಿ ವಾಡೆಯ ಮಗು ಮೊದಲ ಸಲ ಕರಿಹಲಗೆ ನೋಡಿದ್ದು ಅಲ್ಲೇ. ಅಚ್ಚಾದ ಪುಸ್ತಕವನ್ನು ಸ್ವಂತದ್ದೆಂದು ಮನೆಗೆ ತಂದದ್ದೂ ಆಗಲೇ, ಅಚ್ಚುಕೂಟ ಬಂದು ನಾಲ್ಕು ಶತಮಾನ ಕಳೆದ ಮೇಲೆ.

ವಿದ್ಯುತ್ತು ಹಳ್ಳಿಗಳಿಗೆ ಬಂದದ್ದೂ ವಿಮೋಚನೆಯ ನಂತರ. ಅದು ಬಹುಪಾಲು ಪೂರ್ವದಿಂದ, ಕರ್ನಾಟಕದಿಂದ ಬಂತು. ಕಾಳಿ ಕಣಿವೆಯ ಅಂಬೇವಾಡಿಯಿಂದ ಫೋಂಡಾಕ್ಕೆ ಎಳೆದ 220 ಕಿಲೋವೋಲ್ಟ್ ತಂತಿ ಗೋವಾದ ವಿದ್ಯುತ್ ಜಾಲದ ಮುಖ್ಯ ಆಸರೆಗಳಲ್ಲೊಂದು. ಪರೀಕ್ಷೆಯ ಓದಿಗೆ ಚಿಮಣಿ ಬದಲು ಬಲ್ಬು ಬಂದದ್ದು ಸಣ್ಣ ಸಂಗತಿಯಂತೆ ಕಂಡರೂ ಮುಂದೆ ಬಂದ ಎಲ್ಲ ಯಂತ್ರಗಳಿಗೂ ಅದೇ ಮೊದಲ ಮೆಟ್ಟಿಲು.

ಕಾಳಿಯ ತಂತಿ ಘಟ್ಟ ಇಳಿದ ದಶಕಗಳಲ್ಲೇ ಘಟ್ಟದ ಜನರೂ ಇಳಿದರು. ಗಣಿ, ರಸ್ತೆ, ಸೇತುವೆ, ಕಟ್ಟಡದ ಕೆಲಸಕ್ಕೆ ಬಿಜಾಪುರ, ಬಾಗಲಕೋಟೆ, ಗದಗ, ಕೊಪ್ಪಳ, ಧಾರವಾಡ, ಹಾವೇರಿ ಕಡೆಯ ಕುಟುಂಬಗಳು ಬಂದವು. 1970ರ ದಶಕದಲ್ಲಿ ನೆರೆಯ ಉಸಗಾಂವ್‌ನಲ್ಲಿ ಎಂಆರ್‌ಎಫ್ ಟೈರ್ ಕಾರ್ಖಾನೆ ಶುರುವಾಯಿತು. ಮುಂದೆ ಕೈಗಾರಿಕಾ ವಸಾಹತುಗಳು ಎದ್ದವು. 2011ರ ಜನಗಣತಿಯಲ್ಲಿ ಗೋವಾದ ಜನಸಂಖ್ಯೆಯ ಶೇ. 5ಕ್ಕೆ ಸಮೀಪ ಜನ ಕನ್ನಡವನ್ನು ತಾಯ್ನುಡಿಯೆಂದು ಬರೆಸಿದರು. ಊರಿನವರ ಬಾಯಲ್ಲಿ ಇವರು ‘ಘಾಟಿ’ಗಳು, ಆ ಮಾತಿನಲ್ಲಿ ಗೌರವ ಕಡಿಮೆ.

ಇವರು ಬಿಟ್ಟು ಬಂದ ಸೀಮೆಗೂ ಶಾಲಾ ತಂತ್ರಜ್ಞಾನಕ್ಕೂ ಒಂದು ವಿಚಿತ್ರ ನಂಟಿದೆ. 1975ರ ಆಗಸ್ಟ್ 1ರಿಂದ ಒಂದು ವರ್ಷ ಅಮೆರಿಕದ ಎಟಿಎಸ್-6 ಉಪಗ್ರಹದ ಮೂಲಕ ನಡೆದ ಸೈಟ್ ಎಂಬ ಟೆಲಿವಿಷನ್ ಶಿಕ್ಷಣ ಪ್ರಯೋಗದಲ್ಲಿ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟೆಲಿವಿಷನ್ ಪಾಠ ತಲುಪಿತು. ಕರ್ನಾಟಕದಲ್ಲಿ ಆ ಹಳ್ಳಿಗಳಿದ್ದುದು ಬಿಜಾಪುರ, ಗುಲ್ಬರ್ಗ, ರಾಯಚೂರು ಜಿಲ್ಲೆಗಳಲ್ಲಿ. ಶಾಲೆಯ ಮಾಳಿಗೆಯ ಮೇಲೆ ತಂತಿಬಲೆಯ ದೊಡ್ಡ ಛತ್ರಿ, ಕೋಣೆಯಲ್ಲಿ ಊರಿಗೆಲ್ಲ ಒಂದೇ ಟಿವಿ, ಬೆಳಿಗ್ಗೆ ಮಕ್ಕಳಿಗೆ ಕನ್ನಡದಲ್ಲಿ ವಿಜ್ಞಾನದ ಪಾಠ. ದೇಶದ ಬಹುತೇಕ ನಗರಗಳೇ ಟಿವಿ ಕಾಣದ ಕಾಲದಲ್ಲಿ ಬರದ ನಾಡಿನ ಹಳ್ಳಿ ಮಕ್ಕಳು ಉಪಗ್ರಹದಿಂದ ಪಾಠ ಕೇಳಿದರು. 1976ರ ಜುಲೈ ಮುಗಿಯುತ್ತಲೇ ಉಪಗ್ರಹವನ್ನು ಹಿಂದಕ್ಕೆ ಪಡೆದರು, ಪಾಠವೂ ನಿಂತಿತು. ಅವಧಿ ಮುಗಿದ ಮೇಲೆ ಗತಿಯೇನು ಎಂದು ಮೊದಲೇ ಯೋಚಿಸದ ಯೋಜನೆಗಳ ಸಾಲು ಆಮೇಲೂ ಉದ್ದವಾಗಿಯೇ ಬೆಳೆದಿದೆ. ಹಿಂದುಳಿದ ಮಕ್ಕಳಿಗೆ ಅವರ ಭಾಷೆಯಲ್ಲೇ, ಎಲ್ಲರಿಗಿಂತ ಮೊದಲು, ಯಾವ ದಾಖಲೆಯನ್ನೂ ಕೇಳದೆ ಯಂತ್ರ ತಲುಪಿಸಬಹುದು ಎಂದು ಮಾತ್ರ ಆ ಒಂದು ವರ್ಷ ತೋರಿಸಿಕೊಟ್ಟಿತು.

ಕಂಪ್ಯೂಟರ್ ಭಾರತದ ಶಾಲೆಗಳಿಗೆ ಬಂದದ್ದು 1984ರಲ್ಲಿ ಶುರುವಾದ ಕ್ಲಾಸ್ ಯೋಜನೆಯಿಂದ. ಬ್ರಿಟನ್ನಿನ ಬಿಬಿಸಿ ಮೈಕ್ರೋ ಯಂತ್ರಗಳನ್ನು ಆಯ್ದ ಶಾಲೆಗಳಿಗೆ ಹಂಚಿದರು. ಆಯ್ಕೆ ಎಂದ ಮೇಲೆ ಕಟ್ಟಡ, ವಿದ್ಯುತ್ತು, ಇಂಗ್ಲಿಷ್ ಬಲ್ಲ ಶಿಕ್ಷಕರಿದ್ದ ಶಾಲೆಗಳೇ ಮುಂದೆ ನಿಂತವು. ಫೋಂಡಾದಲ್ಲಿ ಉನ್ನತ ತಾಂತ್ರಿಕ ಶಿಕ್ಷಣ ಅದಕ್ಕೂ ಮೊದಲೇ ಬೇರೂರಿತ್ತು. 1967ರಲ್ಲಿ ಸ್ಥಾಪನೆಯಾದ ಗೋವಾ ಎಂಜಿನಿಯರಿಂಗ್ ಕಾಲೇಜು ಪೇಟೆಗೆ ಹೊಂದಿಕೊಂಡ ಫರ್ಮಾಗುಡಿಯ ಗುಡ್ಡದ ಮೇಲೆ ನೆಲೆಗೊಂಡಿತು. 2010ರಲ್ಲಿ ರಾಷ್ಟ್ರೀಯ ತಂತ್ರಜ್ಞಾನ ಸಂಸ್ಥೆ, 2016ರಲ್ಲಿ ಐಐಟಿ, ಇವೆರಡೂ ತಮ್ಮ ಸ್ವಂತ ಜಾಗ ಸಿಗುವ ತನಕ ಇದೇ ಆವರಣದಲ್ಲಿ ಆಶ್ರಯ ಪಡೆದವು. ದೇಶದ ಅತ್ಯುನ್ನತ ತಾಂತ್ರಿಕ ಸಂಸ್ಥೆಗಳು ಹೀಗೆ ಒಂದೇ ಗುಡ್ಡದ ಮೇಲೆ ಜೊತೆಯಾಗಿ ಕೂತ ತಾಲ್ಲೂಕು ಭಾರತದಲ್ಲಿ ಹೆಚ್ಚಿಲ್ಲ. ಕುರ್ಟಿ, ಖಾಂಡೆಪಾರ, ಬೆತೋಡೆಯ ಬಾಡಿಗೆ ಖೋಲಿಗಳು ಆ ಗುಡ್ಡದಿಂದ ಬಸ್ಸಿನಲ್ಲಿ ಅರ್ಧ ಗಂಟೆಯ ದಾರಿಯೂ ಅಲ್ಲ. ಪ್ರವೇಶ ಪರೀಕ್ಷೆ ದೇಶಕ್ಕೆಲ್ಲ ಒಂದೇ ಆದ್ದರಿಂದ ಸಂಸ್ಥೆ ಹತ್ತಿರವಿದ್ದ ಮಾತ್ರಕ್ಕೆ ಪಕ್ಕದ ಮಗುವಿಗೆ ಒಳಹೋಗುವ ದಾರಿ ಹತ್ತಿರವಾಗಲಿಲ್ಲ.

ಶಾಲೆಗಳ ಮಟ್ಟದಲ್ಲಿ ಮೊದಲ ಗಟ್ಟಿ ಪ್ರಯತ್ನ ಸರ್ಕಾರದ ಹೊರಗಿನಿಂದ ಬಂತು. 2000ದ ಆಸುಪಾಸಿನಲ್ಲಿ ವಿದೇಶದಲ್ಲಿದ್ದ ಗೋವಾದವರು ಮತ್ತು ಊರಿನ ಉತ್ಸಾಹಿಗಳು ಸೇರಿ ಗೋವಾ ಸ್ಕೂಲ್ಸ್ ಕಂಪ್ಯೂಟರ್ಸ್ ಪ್ರಾಜೆಕ್ಟ್ ನಡೆಸಿದರು. ಅಮೆರಿಕದ ಕಚೇರಿಗಳು ಬಳಸಿ ಬಿಟ್ಟ ಕಂಪ್ಯೂಟರ್‌ಗಳನ್ನು ಹಡಗಿನಲ್ಲಿ ತರಿಸಿ, ದುರಸ್ತಿ ಮಾಡಿ ಶಾಲೆಗಳಿಗೆ ಹಂಚುವ ಯೋಜನೆ ಅದು. ಹಣ ಕೊಟ್ಟು ಕೊಳ್ಳಬೇಕಾದ ತಂತ್ರಾಂಶದ ಬದಲು ಮುಕ್ತ ತಂತ್ರಾಂಶವಾದ ಲಿನಕ್ಸ್ ಹಾಕಿದರು. ಒಂದು ಶಕ್ತಿಯುತ ಯಂತ್ರಕ್ಕೆ ಹಲವು ಹಳೆಯ ಯಂತ್ರಗಳನ್ನು ಜೋಡಿಸಿ ಎಲ್ಲವೂ ಅದರ ಬಲದಿಂದ ಓಡುವಂತೆ ಮಾಡಿದರು. ಜಾಣತನದ ಕೆಲಸವೇ. ಆದರೆ ಯಂತ್ರ ಕೆಟ್ಟಾಗ ಬಂದು ನೋಡುವವರು, ಲಿನಕ್ಸ್ ಬಲ್ಲ ಶಿಕ್ಷಕರು, ಮಳೆಗಾಲದ ತೇವದಿಂದ ಉಳಿಸುವ ಕೋಣೆ, ಇವು ಹಡಗಿನಲ್ಲಿ ಬರುವಂಥವಲ್ಲ. ಇವು ಇದ್ದ ಶಾಲೆಗಳಲ್ಲಿ ಯೋಜನೆ ಬಾಳಿತು.

ಅದೇ ದಶಕದ ಆರಂಭದಲ್ಲಿ ಮನೋಹರ ಪರ್ರೀಕರ್ ಅವರ ಸರ್ಕಾರ ಸೈಬರ್‌ಏಜ್ ಯೋಜನೆ ತಂದು 11ನೇ ತರಗತಿಯ ವಿದ್ಯಾರ್ಥಿಗಳ ಮನೆಗೇ ಕಂಪ್ಯೂಟರ್ ಕಳಿಸಲು ಹೊರಟಿತು. ಸಾವಿರಾರು ಮಧ್ಯಮ ವರ್ಗದ, ಕೆಳ ಮಧ್ಯಮ ವರ್ಗದ ಮನೆಗಳಿಗೆ ಮೊದಲ ಕಂಪ್ಯೂಟರ್ ಬಂದದ್ದು ಹೀಗೆ. ಶಾಲೆಯ ಪ್ರಯೋಗಾಲಯದಲ್ಲಿ ವಾರಕ್ಕೊಮ್ಮೆ ಸಿಗುವ ಯಂತ್ರಕ್ಕೂ ಮನೆಯಲ್ಲಿ ಸಂಜೆಯೆಲ್ಲ ಸಿಗುವ ಯಂತ್ರಕ್ಕೂ ಇರುವ ಅಂತರವನ್ನು ಅರಿತ ಯೋಜನೆ ಅದು. ಭಾರತದ ಬೇರೆ ರಾಜ್ಯಗಳು ಈ ದಾರಿಗೆ ಬರಲು ಇನ್ನೂ ವರ್ಷಗಳು ಬೇಕಾದವು. ಅದರ ಕೊರತೆ ಆಯ್ದ ತರಗತಿಯಲ್ಲಿತ್ತು. 11ನೇ ತರಗತಿ ಮುಟ್ಟುವ ಮೊದಲೇ ಶಾಲೆ ಬಿಟ್ಟು ಗ್ಯಾರೇಜಿಗೋ ಕಟ್ಟಡ ಕೆಲಸಕ್ಕೋ ಹೋದವರಿಗೆ ಅದರ ನೆರಳೂ ಬೀಳಲಿಲ್ಲ. 2012ರ ನಂತರ ಅದೇ ಹೆಸರಿನಡಿ 5 ಮತ್ತು 6ನೇ ತರಗತಿಗೆ ಟ್ಯಾಬ್ಲೆಟ್ ಹಂಚಿದಾಗ ವಯಸ್ಸಿನ ಕೊರತೆ ತುಂಬಿತಾದರೂ ಪರದೆ ಒಡೆದರೆ, ಬ್ಯಾಟರಿ ಸತ್ತರೆ ರಿಪೇರಿ ಮಾಡಿಸುವ ಹೊರೆ ಮನೆಯವರ ತಲೆಗೆ ಬಂತು. ಬಡವರ ಮನೆಯಲ್ಲಿ ಕೆಟ್ಟ ಯಂತ್ರ ಕಪಾಟಿನ ಮೇಲೆ ಉಳಿಯುತ್ತದೆ. ಹಂಚಿಕೆಯ ಅಂಕಿಯಲ್ಲಿ ಮಾತ್ರ ಅದು ಸದಾ ಕೆಲಸ ಮಾಡುತ್ತಲೇ ಇರುತ್ತದೆ.

ಈ ನಡುವೆ ಶಾಲೆಗಳ ಒಳಗೇ ಒಂದು ಸೋಸುವಿಕೆ ನಡೆಯುತ್ತಿತ್ತು. 1990ರಲ್ಲಿ ಗೋವಾ ಸರ್ಕಾರ ಕೊಂಕಣಿ, ಮರಾಠಿಯಂಥ ದೇಶಭಾಷೆಗಳಲ್ಲಿ ಕಲಿಸುವ ಪ್ರಾಥಮಿಕ ಶಾಲೆಗಳಿಗಷ್ಟೇ ಅನುದಾನ ಕೊಡುವ ನೀತಿ ತಂದಿತು. 2011ರಲ್ಲಿ ಇಂಗ್ಲಿಷ್ ಮಾಧ್ಯಮಕ್ಕೂ ಅನುದಾನದ ಬಾಗಿಲು ತೆರೆದು ರಾಜ್ಯದಲ್ಲಿ ದೊಡ್ಡ ಗದ್ದಲವಾಯಿತು. ಅನುಕೂಲವಿದ್ದ ಮನೆಗಳ ಮಕ್ಕಳು ಅನುದಾನಿತ ಶಾಲೆಗಳತ್ತ ಸರಿದಂತೆ ಬಾಂದೋಡಕರ್ ಕಾಲದ ಸರ್ಕಾರಿ ಪ್ರಾಥಮಿಕ ಶಾಲೆಗಳು ಬರಿದಾಗತೊಡಗಿದವು. ಅವುಗಳನ್ನು ಮುಚ್ಚದಂತೆ ಉಳಿಸಿದವರಲ್ಲಿ ವಲಸಿಗರ ಮಕ್ಕಳದು ದೊಡ್ಡ ಪಾಲು. ವಾಸ್ಕೋ ಸುತ್ತಿನಲ್ಲಿ ಕನ್ನಡ ಮಾಧ್ಯಮದ ಕೆಲವು ಶಾಲೆಗಳಿವೆ. ಫೋಂಡಾ ಕಡೆಯ ಕನ್ನಡ ಮಗುವಿಗೆ ಸಾಮಾನ್ಯವಾಗಿ ಸಿಗುವುದು ಮರಾಠಿ ಅಥವಾ ಕೊಂಕಣಿ ಶಾಲೆ. ಮನೆಯಲ್ಲಿ ಕನ್ನಡ ಅಥವಾ ಲಂಬಾಣಿ, ಬೀದಿಯಲ್ಲಿ ಕೊಂಕಣಿ, ಪಾಠದಲ್ಲಿ ಮರಾಠಿ, ಕಂಪ್ಯೂಟರಿನ ಪರದೆಯ ಮೇಲೆ ಇಂಗ್ಲಿಷ್. 1990ರ ದಶಕದ ಕೊನೆಯಿಂದ ಬರಹ, ನುಡಿ ತಂತ್ರಾಂಶಗಳು ಕನ್ನಡವನ್ನು ಗಣಕಕ್ಕೆ ತಂದಿದ್ದವು ನಿಜ. ಆದರೆ ಮರಾಠಿ ಶಾಲೆಯ ಕಂಪ್ಯೂಟರ್ ಕೋಣೆಯಲ್ಲಿ ಅವುಗಳನ್ನು ಯಾರೂ ಹಾಕಿಸುವುದಿಲ್ಲ. ಆ ಮಗುವಿಗೂ ಕನ್ನಡ ಓದಲು ಬರುವುದಿಲ್ಲ.

ಭಾಷೆಯ ಜೊತೆ ಕಾಗದಪತ್ರದ ಅಡ್ಡಿಯೂ ಇದೆ. ಗೋವಾದ ಹಲವು ಕಲ್ಯಾಣ ಯೋಜನೆಗಳಿಗೆ 15 ವರ್ಷ ವಾಸವಿದ್ದ ದಾಖಲೆ ಬೇಕು. ಮೇಸ್ತ್ರಿ ಕರೆದ ಕಡೆ ಹೋಗುವ, ಖೋಲಿಯ ಬಾಡಿಗೆಗೆ ಕರಾರುಪತ್ರವಿಲ್ಲದ ಕುಟುಂಬ ಅದನ್ನು ತರುವುದು ಕಷ್ಟ. ಜಾತಿಯ ವಿಷಯ ಇನ್ನೂ ಬಿಗಿ. ಕರ್ನಾಟಕದಲ್ಲಿ ಲಂಬಾಣಿಗರು ಪರಿಶಿಷ್ಟ ಜಾತಿ; ಗೋವಾದ ಪಟ್ಟಿಯಲ್ಲಿ ಭಂಗಿ, ಚಂಬಾರ, ಮಹಾರ, ಮಹ್ಯಾವಂಶಿ, ಮಾಂಗ ಇವರಷ್ಟೇ ಇದ್ದಾರೆ. ಒಂದು ರಾಜ್ಯದ ಪರಿಶಿಷ್ಟರು ವಲಸೆ ಹೋದ ಇನ್ನೊಂದು ರಾಜ್ಯದಲ್ಲಿ ಆ ಸೌಲಭ್ಯ ಕೇಳುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 1990ರಲ್ಲಿ ಮರ್ರಿ ಚಂದ್ರಶೇಖರ ರಾವ್ ಪ್ರಕರಣದಲ್ಲಿ ಹೇಳಿದೆ. ಹೀಗಾಗಿ ಚೋರ್ಲಾ ಅಥವಾ ಅನಮೋಡ ಘಾಟಿ ಇಳಿಯುತ್ತಲೇ ತಾಂಡಾದ ಮಗು ಕಾನೂನಿನ ಕಣ್ಣಿಗೆ ಸಾಮಾನ್ಯ ವರ್ಗದ್ದಾಗುತ್ತದೆ. ವಿದ್ಯಾರ್ಥಿವೇತನ, ಶುಲ್ಕ ವಿನಾಯಿತಿ ಎರಡೂ ಘಟ್ಟದ ಮೇಲೇ ಉಳಿಯುತ್ತವೆ. ಊರಿನ ಮೂಲನಿವಾಸಿಗಳ ಕಥೆಯೂ ಸಲೀಸಲ್ಲ. ಗಾವಡಿ, ಕುಣಬಿ, ವೇಳಿಪರು ಪರಿಶಿಷ್ಟ ಪಂಗಡಗಳ ಪಟ್ಟಿಗೆ ಸೇರಿದ್ದು 2003ರಲ್ಲಿ, ವಿಮೋಚನೆಯಾಗಿ 41 ವರ್ಷಗಳ ಮೇಲೆ. ಧನಗರ ಗವಳಿಗಳು ಅದಕ್ಕಾಗಿ ಆಮೇಲೂ ಹೋರಾಡುತ್ತಲೇ ಬಂದಿದ್ದಾರೆ. ನಿರಂಕಾಲ ಕಡೆಯ ವಾನರಮಾರೆ ಕುಟುಂಬಗಳು ಗುರುತಿನ ಚೀಟಿಗೇ ಬಹುಕಾಲ ಪರದಾಡಿದವು.

ಇಷ್ಟೆಲ್ಲ ಒಳಗೊಳಗೆ ಇದ್ದದ್ದು 2020ರ ಮಾರ್ಚಿನಲ್ಲಿ ಒಂದೇ ಏಟಿಗೆ ಬಯಲಾಯಿತು. ಕೋವಿಡ್ ಕಾರಣ ಮಾರ್ಚ್ ಮಧ್ಯದಲ್ಲಿ ಗೋವಾದ ಶಾಲೆಗಳು ಮುಚ್ಚಿದವು. 10 ಮತ್ತು 12ನೇ ತರಗತಿಗಳು ನವೆಂಬರ್ 21ರಂದು ತೆರೆದವು. ಚಿಕ್ಕ ಮಕ್ಕಳು ತರಗತಿ ಕಾಣಲು 2022 ಬರಬೇಕಾಯಿತು. ಆ ನಡುವಿನ ಶಾಲೆಯೆಂದರೆ ಫೋನು. ಅದಕ್ಕೆ ದೇಶ ಎಷ್ಟು ಸಿದ್ಧವಿತ್ತು ಎಂಬುದಕ್ಕೆ 2017–18ರ ರಾಷ್ಟ್ರೀಯ ಮಾದರಿ ಸಮೀಕ್ಷೆಯ ಅಂಕಿಗಳಿವೆ: ಕಂಪ್ಯೂಟರ್ ಇದ್ದ ಮನೆಗಳು ಹಳ್ಳಿಗಳಲ್ಲಿ ಶೇ. 4.4, ನಗರಗಳಲ್ಲಿ ಶೇ. 23.4, ಇಂಟರ್‌ನೆಟ್ ಸಿಗುತ್ತಿದ್ದ ಮನೆಗಳು ಶೇ. 14.9 ಮತ್ತು ಶೇ. 42. ಗ್ರಾಮೀಣ ಭಾರತದ ಮಕ್ಕಳ ಕಲಿಕೆಯನ್ನು ಸಮೀಕ್ಷಿಸುವ ಅಸರ್ ವರದಿಯ ಪ್ರಕಾರ ಶಾಲೆಗೆ ಹೋಗುವ ಮಕ್ಕಳಿರುವ ಮನೆಗಳಲ್ಲಿ ಸ್ಮಾರ್ಟ್‌ಫೋನ್ ಇದ್ದವು 2018ರಲ್ಲಿ ಶೇ. 36.5, 2020ರಲ್ಲಿ ಶೇ. 61.8. ಸಾಲ ಮಾಡಿ, ಒಡವೆ ಅಡವಿಟ್ಟು ಜನ ಫೋನ್ ಕೊಂಡರು. ಆದರೆ 2021ರ ಅದೇ ವರದಿಯಲ್ಲಿ, ಫೋನ್ ಇರುವ ಮನೆಯ ಮಕ್ಕಳಲ್ಲೂ ಶೇ. 26ರಷ್ಟು ಮಂದಿಗೆ ಅದು ಓದಲು ಸಿಗುತ್ತಿರಲಿಲ್ಲ.

ಯಾಕೆ ಸಿಗುತ್ತಿರಲಿಲ್ಲ ಎಂಬುದಕ್ಕೆ ಫೋಂಡಾದಂಥ ಊರಿನ ದಿನಚರಿಯೇ ಉತ್ತರ. ಸೆಂಟ್ರಿಂಗ್ ಕೆಲಸಕ್ಕೆ ಹೋಗುವ ತಂದೆ ಫೋನನ್ನು ಜೇಬಿನಲ್ಲಿಟ್ಟುಕೊಂಡೇ ಹೋಗುತ್ತಾನೆ; ನಾಳೆಯ ಕೆಲಸದ ಕರೆ ಅದಕ್ಕೇ ಬರುವುದು. ಪಾಠ ಬೆಳಿಗ್ಗೆ, ಫೋನ್ ಮನೆಗೆ ಬರುವುದು ಕತ್ತಲಾದ ಮೇಲೆ. ಮೂವರು ಮಕ್ಕಳಿದ್ದರೆ ಪರೀಕ್ಷೆ ಹತ್ತಿರವಿರುವ ಹುಡುಗನಿಗೆ ಮೊದಲ ಸರದಿ, ಹುಡುಗಿಗೆ ಕೊನೆಯದು. ತಗಡಿನ ಖೋಲಿಯಲ್ಲಿ ಜೂನ್ ಮಳೆ ಸುರಿಯುವಾಗ ಟೀಚರ್ ಮಾತೇ ಕೇಳಿಸದು. ರೀಚಾರ್ಜ್ ಮುಗಿದರೆ ಪಗಾರ ಆಗುವ ತನಕ ಪಾಠವಿಲ್ಲ. ಪಶ್ಚಿಮ ಘಟ್ಟದ ಅಂಚಿನ ವಾಡೆಗಳಲ್ಲಿ ಫೋನ್ ಇದ್ದೂ ರೇಂಜ್ ಇಲ್ಲ. ಸತ್ತರಿ, ಸಾಂಗೆಯ ಮಕ್ಕಳು ಗುಡ್ಡ ಹತ್ತಿ ಪಾಠ ಕೇಳಿದ ಸುದ್ದಿಗಳು ಆ ಮಳೆಗಾಲವೆಲ್ಲ ಬಂದವು. ಕರ್ನಾಟಕದಲ್ಲೂ ಹಾಗೆಯೇ. 2021ರ ಜೂನಿನಲ್ಲಿ ಸುಳ್ಯ ತಾಲ್ಲೂಕಿನ ಗುತ್ತಿಗಾರು ಬಳಿ ರಸ್ತೆ ಬದಿ ಕೂತು ಪಾಠ ಕೇಳುವ ಮಗಳಿಗೆ ತಂದೆ ಕೊಡೆ ಹಿಡಿದು ನಿಂತ ಚಿತ್ರ ದೇಶವೆಲ್ಲ ಓಡಾಡಿತು. ಗೋವಾದಲ್ಲಿ ಮೊಬೈಲ್ ಗೋಪುರಗಳಿಗೆ ವಿಕಿರಣದ ಭಯದಿಂದ ಊರವರೇ ತಡೆಯೊಡ್ಡಿದ್ದೂ ಉಂಟು. 2020ರಲ್ಲಿ ಸರ್ಕಾರ ಹೊಸ ಟೆಲಿಕಾಂ ಮೂಲಸೌಕರ್ಯ ನೀತಿ ತರಬೇಕಾಯಿತು.

ವಲಸಿಗರ ಮಕ್ಕಳ ಪಾಡು ಇನ್ನೊಂದು ಬಗೆಯದು. ಕೆಲಸ ನಿಂತು, ಶ್ರಮಿಕ ರೈಲುಗಳಲ್ಲೂ ಬಸ್ಸು ಲಾರಿಗಳಲ್ಲೂ ಕುಟುಂಬಗಳು ಊರಿಗೆ ಮರಳಿದವು. ಮಗುವಿನ ಹೆಸರು ಗೋವಾದ ಹಾಜರಿ ಪುಸ್ತಕದಲ್ಲಿ, ಮಗು ಉತ್ತರ ಕರ್ನಾಟಕದ ಹಳ್ಳಿಯಲ್ಲಿ. ಕರ್ನಾಟಕ ಸರ್ಕಾರ ಆ ಹೊತ್ತಿಗೆ ಒಳ್ಳೆಯ ಎರಡು ಕೆಲಸ ಮಾಡಿತ್ತು. 2020ರ ಜುಲೈನಿಂದ ದೂರದರ್ಶನದ ಚಂದನ ವಾಹಿನಿಯಲ್ಲಿ 8ರಿಂದ 10ನೇ ತರಗತಿಗೆ ‘ಸಂವೇದ’ ಪಾಠಗಳು ಬಂದವು. ಆಗಸ್ಟಿನಲ್ಲಿ ಶುರುವಾದ ‘ವಿದ್ಯಾಗಮ’ದಲ್ಲಿ ಶಿಕ್ಷಕರೇ ಗುಡಿಯ ಕಟ್ಟೆ, ಮರದ ನೆರಳಿಗೆ ಹೋಗಿ ಮಕ್ಕಳನ್ನು ಗುಂಪಾಗಿ ಕೂರಿಸಿ ಕಲಿಸಿದರು, ಸೋಂಕಿನ ಆತಂಕದಿಂದ ಅಕ್ಟೋಬರಿನಲ್ಲಿ ಅದನ್ನು ನಿಲ್ಲಿಸಲಾಯಿತು. ಫೋನಿಲ್ಲದ ಮಗುವಿಗೆ ಫೋನ್ ಹುಡುಕುವ ಬದಲು ಶಿಕ್ಷಕರನ್ನೇ ಕಳಿಸಿದ ವಿದ್ಯಾಗಮ, ಆ ವರ್ಷ ದೇಶ ಮಾಡಿದ ಪ್ರಯೋಗಗಳಲ್ಲಿ ಹೆಚ್ಚು ವಿವೇಕದ್ದು. ಫೋಂಡಾದಿಂದ ಮರಳಿದ, ಮರಾಠಿಯಲ್ಲಿ ನಾಲ್ಕು ವರ್ಷ ಓದಿದ ಮಗುವಿಗೆ ಮಾತ್ರ ಇವೆರಡೂ ಅಷ್ಟಾಗಿ ದಕ್ಕುವಂತಿರಲಿಲ್ಲ. ಪಾಠದ ಮಾತು ಅರ್ಥವಾಗುತ್ತಿತ್ತು, ಹಲಗೆಯ ಮೇಲಿನ ಅಕ್ಷರ ಓದಲಾಗುತ್ತಿರಲಿಲ್ಲ. ಗೋವಾದಿಂದ ವಾಟ್ಸ್‌ಆಪ್‌ನಲ್ಲಿ ಬರುತ್ತಿದ್ದ ಮರಾಠಿ ಪಾಠವನ್ನು ಹೇಳಿಕೊಡಲು ಊರಿನಲ್ಲಿ ಯಾರೂ ಇರಲಿಲ್ಲ.

ನ್ಯಾಯಾಲಯಗಳು ಈ ಹೊತ್ತಿಗೆ ಇಂಟರ್‌ನೆಟ್ಟನ್ನು ಶಿಕ್ಷಣದ ಹಕ್ಕಿನ ಭಾಗವಾಗಿ ನೋಡತೊಡಗಿದ್ದವು. 2019ರ ಸೆಪ್ಟೆಂಬರಿನಲ್ಲಿ ಹಾಸ್ಟೆಲಿನಲ್ಲಿ ಮೊಬೈಲ್ ಬಳಕೆಗೆ ಹಾಕಿದ್ದ ನಿರ್ಬಂಧವನ್ನು ಪ್ರಶ್ನಿಸಿದ ವಿದ್ಯಾರ್ಥಿನಿಯ ಅರ್ಜಿಯಲ್ಲಿ ಕೇರಳ ಹೈಕೋರ್ಟ್ ಹಾಗೆಂದು ಹೇಳಿತ್ತು. 2021ರ ಅಕ್ಟೋಬರಿನಲ್ಲಿ ದೆಹಲಿಯ ಖಾಸಗಿ ಶಾಲೆಗಳ ಬಡ ವಿದ್ಯಾರ್ಥಿಗಳಿಗೆ ಉಪಕರಣ ಕೊಡುವ ವಿವಾದದಲ್ಲಿ ಸುಪ್ರೀಂ ಕೋರ್ಟ್, ಡಿಜಿಟಲ್ ಅಂತರ ಶಿಕ್ಷಣದ ಹಕ್ಕನ್ನೇ ಪೊಳ್ಳು ಮಾಡುತ್ತದೆಂಬ ಕಳವಳ ವ್ಯಕ್ತಪಡಿಸಿ ಪರಿಹಾರದ ಯೋಜನೆ ರೂಪಿಸುವಂತೆ ಸರ್ಕಾರಗಳಿಗೆ ಸೂಚಿಸಿತು.

ಗೋವಾ ಸರ್ಕಾರ 2021ರಲ್ಲಿ ಶಾಲೆಗಳಲ್ಲಿ ಕೋಡಿಂಗ್ ಮತ್ತು ರೋಬಾಟಿಕ್ಸ್ ಕಲಿಸುವ ಕೇರ್ಸ್ ಯೋಜನೆ ಆರಂಭಿಸಿತು. ಮಾಧ್ಯಮಿಕ ಹಂತದ ಸರ್ಕಾರಿ, ಅನುದಾನಿತ ಶಾಲೆಗಳೆರಡನ್ನೂ ಅದು ಮುಟ್ಟಿತು; ಶಾಲೆಯ ಒಳಗಿನ ಯಂತ್ರದ ಮಟ್ಟಿಗೆ ಹಳ್ಳಿ ಪೇಟೆಗಳ ಅಂತರ ತಗ್ಗಿತು. ಮನೆಯ ಒಳಗಿನ ಅಂತರ ಅದರ ವ್ಯಾಪ್ತಿಯಲ್ಲಿಲ್ಲ. 2017ರಲ್ಲಿ ಕೇಂದ್ರ ತಂದ ದೀಕ್ಷಾ ಜಾಲತಾಣದಲ್ಲಿ ಕನ್ನಡ, ಮರಾಠಿ ಪಠ್ಯಗಳೆರಡೂ ಸಿಗುತ್ತವೆ. ಪುಸ್ತಕದ ಮೇಲಿನ ಕ್ಯೂಆರ್ ಕೋಡಿಗೆ ಫೋನ್ ಹಿಡಿದರೆ ಪಾಠ ತೆರೆದುಕೊಳ್ಳುತ್ತದೆ. ಎರಡು ರಾಜ್ಯಗಳ ನಡುವೆ ಓಡಾಡುವ ಮಗುವಿಗೆ ಇದು ಉಪಯೋಗಕ್ಕೆ ಬರಬಹುದಾದ ಮೊದಲ ಸಾಧನ. ಮಾಧ್ಯಮ ಬದಲಾದ ಮಗುವಿಗೆ ಲಿಪಿ ದಾಟಿಸುವ ಪಾಠಗಳನ್ನೂ ಅದಕ್ಕೆ ಸೇರಿಸುವ ಕೆಲಸ ಎರಡೂ ಸರ್ಕಾರಗಳ ಮುಂದಿದೆ. ಫರ್ಮಾಗುಡಿಯ ಗುಡ್ಡದಲ್ಲಿ ಆಶ್ರಯ ಪಡೆದಿದ್ದ ಐಐಟಿಯ ಸ್ವಂತ ಆವರಣಕ್ಕಾಗಿ ಸತ್ತರಿಯ ಶೆಳ್ ಮೆಳಾವಲಿಯಲ್ಲಿ ಗುರುತಿಸಿದ್ದ ಜಾಗವನ್ನು ಅಲ್ಲಿನ ಜನರ ಪ್ರತಿಭಟನೆಯ ನಂತರ 2021ರ ಜನವರಿಯಲ್ಲಿ ಸರ್ಕಾರ ಕೈಬಿಟ್ಟಿತು. ತಮ್ಮ ಕಾಡು, ಗದ್ದೆ ಬಿಟ್ಟುಕೊಟ್ಟರೆ ಬರುವ ಸಂಸ್ಥೆಯಲ್ಲಿ ತಮ್ಮ ಮಕ್ಕಳಿಗೆ ಸೀಟು ಸಿಗುವುದೇ ಎಂಬ ಪ್ರಶ್ನೆ ಆ ಚಳವಳಿಯ ಜೊತೆಗೇ ಎದ್ದಿತ್ತು. 2024ರ ಫೆಬ್ರುವರಿಯಲ್ಲಿ ಕುಂಕಳ್ಳಿಯಲ್ಲಿ ರಾಷ್ಟ್ರೀಯ ತಂತ್ರಜ್ಞಾನ ಸಂಸ್ಥೆಯ ಕಾಯಂ ಆವರಣದ ಉದ್ಘಾಟನೆಯಾಯಿತು. ಫರ್ಮಾಗುಡಿಯ ಆವರಣ ಎಂಜಿನಿಯರಿಂಗ್ ಕಾಲೇಜು ಮತ್ತು ಐಐಟಿಗೆ ಉಳಿಯಿತು.